ಒಂದೂವರೆ ಕೇಜಿ ಮೊಮ್ಮಗಳು

"ಏನೇ, ಚಿಂದಿಗೆ ಉಚ್ಚೆ ಹೊಯ್ದು ತಂದಿದ್ದೀಯಾ? ಥೂ, ಗಬ್ಬು ನಾತ!" ಸಾಹುಕಾರ ಮೂಗು ಮುಚ್ಚಿಕೊಂಡು ಮೂಟೆಯನ್ನು ಒದ್ದ.

"ಊರೋರು ಉಟ್ಟು ಬಿಸಾಕಿದ್ದು ಸಾಹುಕಾರ್ರೇ, ನಾತಾನೂ ಅವರದ್ದೇ. ನಮ್ಮದು ಬರೀ ಬೆವರು."

"ಬಾಯಿ ಮುಚ್ಕೊಂಡು ತೂಗೇ, ಮುಂಡೆ."

ಸುರುಳಿಯಕ್ಕ ಮೂಟೆಯನ್ನೆತ್ತಿ ತೊಲೆಗೆ ನೇತುಹಾಕಿದ್ದ ಸ್ಪ್ರಿಂಗ್ ತಕ್ಕಡಿಯ ಕೊಕ್ಕೆಗೆ ಸಿಕ್ಕಿಸಿದಳು. ಚಿಂದಿ ಗೋದಾಮಿನ ಹನ್ನೆರಡು ಹೆಂಗಸರು ಹಳೇ ಬಟ್ಟೆಯ ಗುಂಡಿ, ಜಿಪ್ಪು ಕತ್ತರಿಸಿ ಮೂಟೆ ಕಟ್ಟುತ್ತಿದ್ದರು. ಕೂಲಿ ತೂಕದ ಮೇಲೆ. ಸುರುಳಿಯಕ್ಕ ಮೊದಲು ಸ್ಪ್ರಿಂಗ್ ಸುತ್ತುವ ಕಾರ್ಖಾನೆಯಲ್ಲಿದ್ದವಳು. ಹೆಸರು ಅಲ್ಲಿಂದಲೇ ಅಂಟಿಕೊಂಡಿತ್ತು. ಯಂತ್ರ ಎರಡು ಬೆರಳು ನುಂಗಿದ ದಿನ ಅಲ್ಲಿನ ಯಜಮಾನ ಕೈಗೆ ಪಟ್ಟಿ ಕಟ್ಟಿಸಿ ಮನೆಗೆ ಕಳಿಸಿದ್ದ.

"ಇಪ್ಪತ್ತನಾಲ್ಕು," ಎಂದ ಸಾಹುಕಾರ.

"ಇದೇ ಗೋಣಿ, ಇದೇ ಬಿಗಿ. ಹೋದ ತಿಂಗಳು ಮೂವತ್ತು ಬರ್ತಿತ್ತು."

"ಹೋದ ತಿಂಗಳು ನಿನ್ನ ಮೈ ಮೇಲೂ ಒಂದಿಷ್ಟು ಮಾಂಸ ಇತ್ತು ಬಿಡು," ಎಂದು ಅವನೇ ನಕ್ಕ. ಉಳಿದವರು ತಲೆಯೆತ್ತಲಿಲ್ಲ.

ತಕ್ಕಡಿ ರಿಪೇರಿಗೆಂದು ಹೋಗಿ ಬಂದು ಹದಿನೈದು ದಿನವಾಗಿತ್ತು. ಸುರುಳಿಯಕ್ಕ ತುದಿಗಾಲಲ್ಲಿ ನಿಂತು ಅದರ ಹಿಂದಿನ ಸೀಳಿನಲ್ಲಿ ಇಣುಕಿ ನೋಡಿದಳು.

"ಒಳಗಿನ ತಂತಿ ದಪ್ಪ ಆಗಿದೆ ಸಾಹುಕಾರ್ರೇ. ದಪ್ಪ ತಂತಿ ಸ್ಪ್ರಿಂಗು ಸಲೀಸಾಗಿ ಇಳಿಯಲ್ಲ. ಅದು ಇಳಿದಷ್ಟೇ ತಾನೇ ಮುಳ್ಳು ತಿರುಗೋದು?"

"ಓಹೋಹೋ, ಇಂಜಿನಿಯರಮ್ಮ! ಎಂಟು ಬೆರಳಿನ ಇಂಜಿನಿಯರಮ್ಮ! ಕಬ್ಬಿಣ ಸುಳ್ಳು ಹೇಳಲ್ಲ ಕಣೇ."

"ಕಬ್ಬಿಣ ಹೇಳಲ್ಲ. ಅದನ್ನ ಕೂರಿಸಿದೋನು ಹೇಳ್ತಾನೆ."

ಅಷ್ಟರಲ್ಲಿ ಆಸ್ಪತ್ರೆಗೆ ಹೋಗಿದ್ದ ಅವಳ ಮಗಳು ಕೂಸನ್ನು ಕಂಕುಳಲ್ಲಿಟ್ಟುಕೊಂಡು ಕೆಲಸಕ್ಕೆ ಬಂದಳು. ಕೈಯಲ್ಲಿ ತೂಕದ ಚೀಟಿ. "ಅವ್ವಾ, ಏಳೂವರೆ ಕೇಜಿ ಅಂತೆ! ಡಾಕ್ಟರಮ್ಮ ಭೇಷ್ ಅಂದ್ರು."

ಸುರುಳಿಯಕ್ಕ ಒಂದು ಕ್ಷಣ ಮಗುವನ್ನೇ ನೋಡಿದಳು. ಮೂಟೆ ಇಳಿಸಿದಳು. ರಾಶಿಯಿಂದ ಗಟ್ಟಿಯಾದ ತುಂಡು ಬಟ್ಟೆಯೊಂದನ್ನು ಎಳೆದು ಜೋಳಿಗೆ ಕಟ್ಟಿ, ಮೊಮ್ಮಗಳನ್ನು ಅದರಲ್ಲಿ ಕೂರಿಸಿ ಕೊಕ್ಕೆಗೆ ಹಾಕಿದಳು. ಮಗು ಕಾಲು ಬಡಿದು ಕಿಲಕಿಲ ನಕ್ಕಿತು. ಮುಳ್ಳು ಓಲಾಡಿ ಆರಕ್ಕೆ ನಿಂತಿತು.

"ಅಯ್ಯಯ್ಯೋ, ದಾರೀಲಿ ಒಂದೂವರೆ ಕೇಜಿ ಎಲ್ಲಿ ಬೀಳಿಸಿದ್ಯೇ ಮಗಳೇ?"

"ನಾನೆಲ್ಲೂ ಬೀಳಿಸಿಲ್ಲವ್ವಾ, ಅವಚಿಕೊಂಡೇ ಬಂದೆ."

"ಹಾಗಾದ್ರೆ ಸಾಹುಕಾರ್ರ ಹತ್ರಾನೇ ಇರಬೇಕು. ಜೇಬು ತಡವಿ ನೋಡ್ಕೊಳ್ಳಿ ಸ್ವಾಮಿ, ನನ್ನ ಮೊಮ್ಮಗಳ ತೊಡೆ ಸಿಕ್ಕುತ್ತೆ."

ಚಿಂದಿ ರಾಶಿಯ ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಸಾಹುಕಾರನ ಕಿವಿ ಕೆಂಪಾಯಿತು. "ಅದು... ಕೂಸು ದಾರೀಲಿ ಉಚ್ಚೆ ಹೊಯ್ದಿರಬೇಕು!"

"ಒಂದೂವರೆ ಕೇಜಿನಾ? ಅದು ಕೂಸಾ, ಬಾವಿನಾ?"

ಈಗ ಎಲ್ಲರೂ ನಕ್ಕರು. ಗುಂಡಿ ಕತ್ತರಿಸುವ ಮುದುಕಿಗಂತೂ ಕಣ್ಣಲ್ಲಿ ನೀರೇ ಬಂತು.

"ನಗ್ತೀರೇನ್ರೇ, ಹಲ್ಕಾ ಮುಂಡೇರಾ?" ಸಾಹುಕಾರ ಕಿರುಚಿದ. "ನಾಳೆಯಿಂದ ಇವಳು ಬರಕೂಡದು. ಇವಳ ಮಗಳೂ ಅಷ್ಟೇ. ಇಲ್ಲಿ ಇದೇ ತಕ್ಕಡಿ. ಇಷ್ಟ ಇಲ್ಲದೋರಿಗೆ ಗೇಟು ಅಲ್ಲಿದೆ!"

ನಗು ನಿಂತಿತು. ಎಲ್ಲರ ಮನೆಯಲ್ಲೂ ಒಲೆ ಉರಿಯಬೇಕಿತ್ತು. ಸುರುಳಿಯಕ್ಕ ಮಗುವನ್ನಿಳಿಸಿ ಮಗಳ ಕೈಗೆ ಕೊಟ್ಟಳು. ಹೋಗುತ್ತಾಳೆ ಎಂದುಕೊಂಡ ಸಾಹುಕಾರ. ಅವಳು ಎರಡೂ ಕೈಯಲ್ಲಿ ಕೊಕ್ಕೆ ಹಿಡಿದು ಕಾಲು ಮಡಚಿ ಜೋತುಬಿದ್ದಳು.

"ಹೋಗೋಕೆ ಮುಂಚೆ ನನ್ನನ್ನೂ ತೂಗಿ."

"ಏ, ಬಿಡೇ! ಸ್ಪ್ರಿಂಗು ಹೋಗುತ್ತೆ!"

ಮುದುಕಿ ಕತ್ತರಿ ಕೆಳಗಿಟ್ಟಳು. ನಿಧಾನವಾಗಿ ಎದ್ದು ಬಂದು ಸುರುಳಿಯಕ್ಕನ ಸೊಂಟ ತಬ್ಬಿ ತಾನೂ ಜೋತುಬಿದ್ದಳು. ಆಮೇಲೆ ಇನ್ನೊಬ್ಬಳು. ಮತ್ತೊಬ್ಬಳು. ತೊಲೆ ಕಿರುಗುಟ್ಟಿತು. ಮುಳ್ಳು ಐವತ್ತು ದಾಟಿ ಅಂಕಿಯಿಲ್ಲದ ಕಡೆ ಹೋಗಿ ಒತ್ತಿಕೊಂಡಿತು. ತಕ್ಕಡಿಯೊಳಗೆ ಏನೋ ನರಳಿದ ಹಾಗೆ ಸದ್ದಾಯಿತು.

"ಬಿಡಬೇಡ್ರೇ, ಇನ್ನೊಂದು ಚೂರು," ಎಂದಳು ಸುರುಳಿಯಕ್ಕ, ಹಲ್ಲು ಕಚ್ಚಿ. "ಎಂಥಾ ದಪ್ಪ ತಂತೀನೂ ಮಿತಿ ಮೀರಿ ಎಳೆದ್ರೆ ವಾಪಸ್ ಬರಲ್ಲ."

ಕೈ ಬಿಟ್ಟಾಗ ನಾಲ್ವರೂ ಚಿಂದಿ ರಾಶಿಯ ಮೇಲೆ ಉರುಳಿದರು. ಖಾಲಿ ಕೊಕ್ಕೆ ಗಾಳಿಯಲ್ಲಿ ತೂಗಾಡಿತು. ಮುಳ್ಳು ಹಿಂದಕ್ಕೆ ಬಂದು ಹನ್ನೊಂದಕ್ಕೆ ನಿಂತಿತು.

ಸಾಹುಕಾರ ಸ್ಟೂಲು ಹತ್ತಿ ಬೆರಳಿನಿಂದ ಅದನ್ನು ಸೊನ್ನೆಗೆ ನೂಕಿದ. ಬೆರಳು ತೆಗೆದೊಡನೆ ಮತ್ತೆ ಹನ್ನೊಂದು. ಮತ್ತೆ ನೂಕಿದ. ಕೆಳಗೆ ಹನ್ನೆರಡು ಹೆಂಗಸರೂ ಕತ್ತರಿ ಮುಟ್ಟದೆ, ಕೈಕಟ್ಟಿ ನೋಡುತ್ತಾ ನಿಂತಿದ್ದರು.