ಜಯಲತಾಳ ಹೆಸರಿನ ಪಟ

ದಮಯಂತಿ ತಾನು ಸತ್ತದ್ದನ್ನು ಕಂಡದ್ದು ಪಕ್ಕದ ಖೋಲಿಯ ಚಂದ್ರಬಾಯಿಯ ಟೀವಿಯಲ್ಲಿ.

ಡೊಂಬಿವಲಿಯ ಆ ಚಾಳಿಗೆಲ್ಲ ಅದೊಂದೇ ಟೀವಿ. ಶನಿವಾರ ಸಂಜೆ ಪ್ರೇತಬಾಧೆ, ಶಾಪ ಎಂದು ನಿಜವಾಗಿ ನಡೆದ ಸಂಗತಿಗಳನ್ನು ತೋರಿಸುತ್ತಿದ್ದರು. ಎರಡು ತಿಂಗಳ ಹಿಂದೆ ಆ ಟೀವಿಯವರು ಕ್ಯಾಮೆರಾ ಹೊತ್ತು ಬಂದು, ತುಳುನಾಡಿನವರು ಸತ್ತ ಮಕ್ಕಳಿಗೂ ಮದುವೆ ಮಾಡುತ್ತಾರಂತೆ, ಹೌದೇ ಎಂದು ಅವಳ ಅಪ್ಪನನ್ನು ಕೇಳಿದ್ದರು. ಅಪ್ಪ ಪ್ರೇಮನಾಥ ಕಲ್ಯಾಣ ಸ್ಟೇಷನ್ನಿನ ಪಕ್ಕದ ಹೋಟೆಲಿನಲ್ಲಿ ದೋಸೆ ಹುಯ್ಯುವವನು. ಅವನನ್ನು ಅಷ್ಟು ಮರ್ಯಾದೆಯಿಂದ ಅದುವರೆಗೆ ಯಾರೂ ಏನನ್ನೂ ಕೇಳಿರಲಿಲ್ಲ. ಹಿರಿಮಗಳು ಜಯಲತಾ ಎರಡು ವರ್ಷ ತುಂಬುವ ಮೊದಲೇ ತೀರಿಕೊಂಡದ್ದನ್ನೂ, ಅವಳಿಗೆ ಮದುವೆಯಾಗದೆ ಕಿರಿಯವಳಿಗೆ ಬಂದ ಸಂಬಂಧಗಳೆಲ್ಲ ಮುರಿದುಬೀಳುತ್ತಿರುವುದನ್ನೂ ಹೇಳಿಕೊಂಡ. ಅವರು ಪಟ ಕೇಳಿದರು. ಜಯಲತಾಳದ್ದು ಒಂದೂ ಇರಲಿಲ್ಲ. ಸತ್ತ ಮಕ್ಕಳು ಆ ಲೋಕದಲ್ಲೂ ಬೆಳೆಯುತ್ತಾರಲ್ಲ, ಇಷ್ಟು ಹೊತ್ತಿಗೆ ಹೀಗೇ ಇದ್ದಾಳು ಎಂದುಕೊಂಡು ದಮಯಂತಿಯ ಪಟ ಕೊಟ್ಟುಬಿಟ್ಟ.

ಈಗ ಪರದೆಯ ತುಂಬ ಅವಳದೇ ಮುಖ, ಎಡಗೆನ್ನೆಯ ಮಚ್ಚೆ ಸಹಿತ. ಕೆಳಗೆ ಅಕ್ಕನ ಹೆಸರು. ಇವಳು ಇನ್ನೂ ವರನಿಗಾಗಿ ಕಾಯುತ್ತಿದ್ದಾಳೆ ಎಂದು ಯಾವನೋ ತಗ್ಗಿದ ದನಿಯಲ್ಲಿ ಹೇಳಿದ.

"ಅಗ ಪೋರೀ, ಮೇಲೀಸ ಕಧೀ?" ಸತ್ತದ್ದು ಯಾವಾಗ ಎಂದು ಚಂದ್ರಬಾಯಿ ಚೇಷ್ಟೆ ಮಾಡಿದಳು. ದಮಯಂತಿ ಮಚ್ಚೆಯನ್ನು ಅಂಗೈಯಿಂದ ಮುಚ್ಚಿಕೊಂಡಳು.

ಮುಂದಿನ ವಾರ, ಸತ್ತವರ ಮದುವೆಗೆ ಮೀಸಲಾದ ಆಟಿ ತಿಂಗಳು ಮುಗಿಯುವುದರೊಳಗೆ ಆಗಬೇಕೆಂದು, ನೌಪಾಡಾದಿಂದ ಬಾಗಿ ಎಂಬ ಹೆಂಗಸು ಸೀರೆ, ಬಳೆ, ಹೂವು ಹಿಡಿದು ಬಂದಳು. ಅವಳ ಮಗ ಶೇಖರ ಇಪ್ಪತ್ತೈದಕ್ಕೆ ಲೋಕಲ್ ಗಾಡಿಯಿಂದ ಬಿದ್ದು ಸತ್ತವನು; ಅವನಿಗೆ ಜಯಲತಾಳನ್ನು ಕೇಳಲು ಬಂದಿದ್ದಳು. ಮನೆತನದ ಬರಿ, ಅಂದರೆ ತಾಯಿಯ ಕಡೆಯ ಗೋತ್ರ, ಯಾವುದೆಂದು ಕೇಳಿದಳು. ಬೇರೆ ಬೇರೆಯೇ, ಕೂಡಿಬಂತು. ದೊಡ್ಡವಳ ಋಣ ಕಳೆದು ಸಣ್ಣವಳ ದಾರಿ ತೆರೆಯಿತೆಂದು ಪ್ರೇಮನಾಥನಿಗೆ ಹಾಲು ಕುಡಿದಷ್ಟು ಸಂತೋಷ. ದಮಯಂತಿ ಅಡುಗೆಮೂಲೆಯ ಬಟ್ಟೆಪರದೆಯ ಹಿಂದೆ ಸ್ಟೋವಿನ ಮುಂದೆ ಕೂತು ಕೇಳುತ್ತಿದ್ದಳು.

"ಅವಳ ಪಟ ಕೊಡಿ, ಮಣೆಯಲ್ಲಿ ಇಡ್ಲಿಕ್ಕೆ ಬೇಕು," ಎಂದಳು ಬಾಗಿ. "ಟೀವಿ ನೋಡಿದ ದಿನದಿಂದ ಮಗ ಕನಸಿಗೆ ಬರ್ತಾನೆ. ಆ ಮಚ್ಚೆ ಉಂಟಲ್ಲ, ಆ ಮುಖವೇ ಬೇಕಂತೆ ಅವನಿಗೆ."

ಅಪ್ಪ ಟ್ರಂಕು ತೆರೆದ ಸದ್ದಾಯಿತು. ಮಣೆಯ ಮೇಲೆ ಯಾರ ಪಟವೋ ಧಾರೆ ಅವಳಿಗೇ. ಸತ್ತವನ ಕೈಯಿಂದ ಬಿಡಿಸುವವರು ಯಾರೂ ಇಲ್ಲ. ಅಪ್ಪನ ಮಾತಿಗೆ ಎಂದೂ ಎದುರಾಡದ ದಮಯಂತಿ ಪರದೆ ಸರಿಸಿ ಈಚೆ ಬಂದಳು.

"ಪಟದಲ್ಲಿರುವುದು ಅಕ್ಕ ಅಲ್ಲ. ನಾನು."

ಪ್ರೇಮನಾಥ ತಲೆ ಎತ್ತಲಿಲ್ಲ. ಬಾಗಿ ಎದ್ದು ಬಂದು, ಹುಡುಗಿಯ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದಳು. ಹೆಬ್ಬೆರಳಿನಿಂದ ಮಚ್ಚೆಯನ್ನು ಒರೆಸಿ ನೋಡಿದಳು. ಬೈಯಲಿಲ್ಲ. ಸೀರೆಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡಳು.

"ನಿನ್ನ ತಪ್ಪು ಎಂತದೂ ಇಲ್ಲ ಮಗಾ. ಪಟ ಬೇಡ."

ಕಂಟಕ ಕಳೆಯಿತೆಂದುಕೊಂಡಳು ದಮಯಂತಿ. ಬಾಗಿ ಚಪ್ಪಲಿ ಮೆಟ್ಟಿಕೊಂಡು ಹೊಸ್ತಿಲಾಚೆ ನಿಂತಳು.

"ಆದರೆ ನಿನ್ನೆಯೇ ಅವನಿಗೆ ಎಲೆ ಬಡಿಸಿ, ಹೆಣ್ಣು ಸಿಕ್ಕಿತು, ಡೊಂಬಿವಲಿಯಲ್ಲಿ ಇದ್ದಾಳೆ ಅಂತ ಹೇಳಿಬಿಟ್ಟೆ. ಈಗ ಅಲ್ಲ ಅಂತ ಅವನಿಗೆ ಯಾರು ಹೇಳುವುದು?"

ಅವಳು ಮೆಟ್ಟಿಲಿಳಿದು ಹೋದಳು. ಬಾಗಿಲು ಹಾಕಲು ದಮಯಂತಿಗೆ ಕೈ ಬರಲಿಲ್ಲ. ಹಾಕಿದರೆ ಯಾರನ್ನು ಹೊರಗಿಟ್ಟ ಹಾಗೋ, ಯಾರನ್ನು ಒಳಗೆ ಕೂಡಿಹಾಕಿಕೊಂಡ ಹಾಗೋ.