ಕೂದಲೆಳೆಯೂ ನುಸುಳದ ಕಿಟಕಿ

ನಮ್ಮ ಮನೆಗೆ ಬಂದ ಮರುದಿನ ಭಾವ ಕಿಟಕಿಬಾಗಿಲುಗಳನ್ನೆಲ್ಲ ಕೀಲಿನಿಂದ ಬಿಚ್ಚಿ ಹಿತ್ತಿಲ ಗೋಡೆಗೆ ಒರಗಿಸಿಟ್ಟರು. ಅವರು ಬಡಗಿ, ಆ ಕೆಲಸಕ್ಕೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಅಮ್ಮ ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ನೋಡಿದಳು. ಮಗಳನ್ನು ಕಳೆದುಕೊಂಡವಳು ಹೆಂಡತಿಯನ್ನು ಕಳೆದುಕೊಂಡವನಿಗೆ ಏನು ತಾನೇ ಹೇಳಿಯಾಳು?

ಆಗ ಬೇಸಿಗೆ. ಬಾಗಿಲಿಲ್ಲದೆಯೂ ನಡೆಯಿತು. ಈಗ ಚಳಿ ಬಿದ್ದಿದೆ, ಅಕ್ಕನ ಮಗಳು ಪುಟ್ಟಿ ಕೆಮ್ಮುತ್ತಿದ್ದಾಳೆ. ಇನ್ನೊಂದು ಸಲ ಎದೆ ಕಟ್ಟಿದರೆ ಆಸ್ಪತ್ರೆಗೆ ಸೇರಿಸಬೇಕಾಗುತ್ತದೆ, ಮಗುವನ್ನು ಗಾಳಿಗೆ ಒಡ್ಡಬೇಡಿ ಎಂದು ಡಾಕ್ಟರು ಹೇಳಿ ಕಳಿಸಿದ್ದಾರೆ.

“ಅಳಿಯಂದ್ರೇ, ಅವಳು ಮಲಗೋ ಕೋಣೆದಾದ್ರೂ ಹಾಕಿ,” ಅಂದಳು ಅಮ್ಮ.

“ಇನ್ನೊಂದು ಕಂಬಳಿ ಹೊದಿಸಿ ಅತ್ತೆ.”

“ಹೊದಿಸಿ ಹೊದಿಸಿ ಮಗು ಗಂಟುಮೂಟೆ ಆಗಿದೆ. ಬಾಯಿ ಎಲ್ಲಿದೆ ಅಂತ ಹುಡುಕಿ ತುತ್ತಿಡ್ತಾ ಇದೀನಿ.”

ಪುಟ್ಟಿ ಕಂಬಳಿಯೊಳಗಿಂದ ಕಿಸಕ್ಕನೆ ನಕ್ಕಳು. ನಗು ಕೆಮ್ಮಾಯಿತು. ಭಾವ ಎದ್ದು ಹೊರಗೆ ಹೋದರು.

ಅವರ ಹಳೆಯ ಮನೆಯ ಕಿಟಕಿಯನ್ನು ಅವರೇ ಮಾಡಿದ್ದು. ಆ ಬೀದಿಯಲ್ಲಿ ರಸ್ತೆ ಕೆಲಸ ನಡೆದಿದ್ದಾಗ ಧೂಳು ಮನೆಯೊಳಗೆ ಹಿಟ್ಟಿನ ಹಾಗೆ ಬಂದು ಕೂರುತ್ತಿತ್ತು. ಅಕ್ಕ ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದವಳು. ಹೊಲಿದ ಬಿಳಿ ಅಂಗಿ ಕೊಡುವಷ್ಟರಲ್ಲಿ ಬೂದು ಬಣ್ಣಕ್ಕೆ ತಿರುಗುತ್ತಿತ್ತು, ಜೊತೆಗೆ ಅವಳಿಗೆ ಒಣಕೆಮ್ಮು. ಭಾವ ಹಳೆಯ ಕಿಟಕಿ ಕಿತ್ತು ಹೊಸದು ಕೂರಿಸಿದರು. ಅಂಚಿಗೆಲ್ಲ ರಬ್ಬರ್ ಪಟ್ಟಿ ಹೊಡೆದು, ನನ್ನನ್ನು ಕರೆದು ತೋರಿಸಿದ್ದರು: “ನೋಡು, ಒಂದು ಕೂದಲೆಳೆ ನುಸುಳಿಸು ನೋಡೋಣ!” ಅಕ್ಕ ತನ್ನ ಜಡೆಯಿಂದಲೇ ಒಂದು ಕೂದಲು ಕಿತ್ತು ಪ್ರಯತ್ನಿಸಿದಳು. ನುಸುಳಲಿಲ್ಲ. “ನನ್ನ ಗಂಡ ಕಿಟಕಿ ಮಾಡಿದ್ರೆ ಸೊಳ್ಳೆನೂ ಬಾಗಿಲು ತಟ್ಟಿಕೊಂಡೇ ಬರಬೇಕು,” ಅಂದಳು. ಮೂವರೂ ನಕ್ಕಿದ್ದೆವು.

ಆಮೇಲೊಂದು ಮಧ್ಯಾಹ್ನ, ಪುಟ್ಟಿ ಶಾಲೆಯಲ್ಲಿದ್ದಾಗ, ಆ ಕಿಟಕಿ ಮುಚ್ಚಿದ ಕೋಣೆಯಲ್ಲಿ ಅಕ್ಕ ಹೊಲಿಗೆ ಯಂತ್ರದ ಸ್ವಿಚ್ಚು ಹಾಕಿದಳು. ಕೋಣೆಯ ತುಂಬ ಗ್ಯಾಸು ಇತ್ತು.

ನಾನು ಕೆಲಸ ಮಾಡುವುದು ಊರಿನ ನೆಲದಡಿಯ ಗ್ಯಾಸು ಪೈಪುಗಳನ್ನು ನೋಡಿಕೊಳ್ಳುವ ಕಚೇರಿಯಲ್ಲೇ. ಯಾವ ಬೀದಿಯಲ್ಲಿ ಅಪಾಯ ಎಷ್ಟು ಎಂದು ಅಂದಾಜು ಹಾಕುವ ವಿಭಾಗ. ಯಾರ ಜೊತೆಯೂ ಹೆಚ್ಚು ಮಾತಾಡಬೇಕಿಲ್ಲವೆಂದೇ ಡಿಗ್ರಿ ಮುಗಿಸಿ ಅಲ್ಲಿ ಸೇರಿದವಳು ನಾನು. ಬೀದಿ ಬೀದಿ ಸುತ್ತಿ ಸೋರಿಕೆ ಮೂಸಿ ಹಿಡಿಯುತ್ತಾನೆಂದು ಎಲ್ಲರೂ ಮೂಗಣ್ಣ ಎಂದು ಕರೆಯುವ ನೌಕರ ಬಂದಾಗಲೆಲ್ಲ ನನ್ನ ಮೇಜಿನ ಮುಂದೆ ನಿಂತು, “ನನ್ ಪೈಪುಗಳೆಲ್ಲ ನಿನ್ ಬಾಯಿ ಥರ ಇದ್ದಿದ್ರೆ ನನ್ ಕೆಲಸ ಹೋಗ್ತಿತ್ತಲ್ಲ ತಾಯೀ,” ಅನ್ನುತ್ತಿದ್ದ. ಅಕ್ಕ ಹೋದ ಮೇಲೆ ಆ ತಮಾಷೆ ನಿಂತಿದೆ. ಈಗ ನನ್ನ ಮೇಜಿನ ಹತ್ತಿರ ಬಂದಾಗ ಸುಮ್ಮನೆ ಟೊಪ್ಪಿ ತೆಗೆಯುತ್ತಾನೆ. ತಮಾಷೆಯೇ ವಾಸಿಯಿತ್ತು.

ಭಾವನಿಗೆ ಎಲ್ಲರೂ ಹೇಳಿದ್ದು ಒಂದೇ ಮಾತು: ನಿಮ್ಮ ತಪ್ಪೇನಿಲ್ಲ. ನೆರೆಯವರು ಹೇಳಿದರು, ಅಮ್ಮ ಹೇಳಿದಳು. ಅವರು ತಲೆಯಾಡಿಸುತ್ತಿದ್ದರು, ನಂಬುತ್ತಿರಲಿಲ್ಲ. ನನ್ನನ್ನು ಮಾತ್ರ ಅವರು ಒಂದು ಪ್ರಶ್ನೆ ಕೇಳಿದ್ದರು.

“ನೀನು ಆ ಕಚೇರಿಯವಳು. ಆ ಕಿಟಕಿ ತೆರೆದಿದ್ರೆ ಅವಳು ಉಳೀತಿದ್ಲಾ? ಸಮಾಧಾನ ಬೇಡ. ಇದ್ದದ್ದು ಹೇಳು.”

ತನಿಖೆ ಮುಗಿಯಲಿ, ಆಮೇಲೆ ಹೇಳುತ್ತೇನೆ ಎಂದಿದ್ದೆ. ಸ್ವಂತ ಅಕ್ಕನ ಪ್ರಕರಣವನ್ನು ನನ್ನ ಕೈಗೆ ಕೊಡುವಂತಿರಲಿಲ್ಲ. ಬೇರೆಯವರು ನೋಡಿದರು. ಈ ವಾರ ವರದಿ ಬಂತು. ನಮ್ಮ ವಿಭಾಗದ ಮುಖ್ಯಸ್ಥೆ ಮೇಡಂ ಒಂದು ಪ್ರತಿಯನ್ನು ನನ್ನ ಕೈಗಿಟ್ಟು, “ಇದನ್ನ ಅಂಚೆಯಲ್ಲಿ ಕಳಿಸಬಾರದು. ಮನೆಯವರಿಗೆ ನೀನೇ ಬಿಡಿಸಿ ಹೇಳು,” ಅಂದರು. ಹೇಳಬೇಕಾದವಳು ನಾನು! ಬಸ್ಸಿನಲ್ಲಿ ನಿಲ್ದಾಣ ಬಂತೆಂದು ಹೇಳಲೂ ಬಾಯಿ ಬಾರದೆ ಮುಂದಿನದರಲ್ಲಿ ಇಳಿಯುವವಳು.

ಭಾನುವಾರ ಮಧ್ಯಾಹ್ನ ಭಾವನನ್ನು ಊಟದ ಮೇಜಿಗೆ ಕರೆದೆ. ಹೇಳಲಾಗದ್ದನ್ನು ತೋರಿಸುವುದೆಂದು ನಿಶ್ಚಯಿಸಿದ್ದೆ. ನಮ್ಮ ವಿಭಾಗದಲ್ಲಿ ಒಂದು ರೂಢಿಯಿದೆ. ದೊಡ್ಡ ಹಾಳೆಯ ಮೇಲೆ ಅವಘಡವನ್ನು ಚೌಕವಾಗಿ ಬರೆದು, ಅದರ ಕೆಳಗೆ ಒಂದೊಂದು ಕಾರಣಕ್ಕೂ ಒಂದೊಂದು ವೃತ್ತ ಬರೆದು, ಗೆರೆ ಎಳೆದು ಜೋಡಿಸುತ್ತೇವೆ. ಚೌಕದ ಮೇಲೂ ವೃತ್ತಗಳ ಮೇಲೂ ಗುರುತಿಗೆ ಏನಾದರೂ ಇಡುತ್ತೇವೆ. ಆಮೇಲೆ ಒಂದೊಂದನ್ನೇ ಎತ್ತಿ, ಇದಿಲ್ಲದಿದ್ದರೂ ಮೇಲಿನದು ಆಗುತ್ತಿತ್ತೇ ಎಂದು ಕೇಳಿಕೊಳ್ಳುತ್ತೇವೆ; ಆಗುತ್ತಿರಲಿಲ್ಲವೆಂದಾದರೆ ಮೇಲಿನದನ್ನೂ ಎತ್ತುತ್ತೇವೆ. ಕಚೇರಿಯಲ್ಲಿ ಅದಕ್ಕೆ ಬಾಟಲಿ ಮುಚ್ಚಳಗಳಿವೆ. ಮನೆಯಲ್ಲಿ ನನಗೆ ಸಿಕ್ಕಿದ್ದು ಅಕ್ಕನ ಅಂಗಿಗುಂಡಿಗಳ ಡಬ್ಬಿ. ಆ ಕೋಣೆಯಿಂದ ಹಾಗೇ ಉಳಿದು ಬಂದದ್ದು ಅದೊಂದೇ.

ಡಬ್ಬಿ ನೋಡಿ ಭಾವ ಮುಖ ತಿರುಗಿಸಿದರು. ಆದರೆ ಎದ್ದು ಹೋಗಲಿಲ್ಲ.

ಚೌಕದಲ್ಲಿ ಒಂದು ಕೆಂಪು ಗುಂಡಿಯಿಟ್ಟು, “ಇದು ಪೈಪು,” ಎಂದು ಕೆಳಗೆ ಕಂದು ಗುಂಡಿಯಿಟ್ಟೆ. “ಹಳೇದು. ಮೇಲಿನ ಲೇಪ ಹೋಗಿತ್ತು. ಆದ್ರೂ ಇನ್ನೂ ಎಷ್ಟೋ ವರ್ಷ ಬರ್ತಿತ್ತು. ಇದು ನೀರು. ಪಕ್ಕದ ನೀರಿನ ಕೊಳವೆ ಸೋರಿ ಇದರ ಕೆಳಗಿನ ಮಣ್ಣು ಕೊಚ್ಚಿಕೊಂಡು ಹೋಗಿತ್ತು. ಇದು ಲಾರಿಗಳು. ಸೇತುವೆ ರಿಪೇರಿ ಅಂತ ನಿಮ್ಮ ಬೀದಿಗೆ ತಿರುಗಿಸಿದ್ರಲ್ಲ? ಕೆಳಗೆ ಮಣ್ಣಿಲ್ದೆ ತೂಗ್ತಿದ್ದ ಪೈಪಿನ ಮೇಲೆ ಆ ಭಾರ ಬಿತ್ತು. ಬೆಸುಗೆ ಸೀಳ್ತು.”

“ಆವತ್ತೇ ವಾಸನೆ ಬರಬೇಕಿತ್ತಲ್ಲ?”

“ಇದು ಕಾಂಕ್ರೀಟು. ಹೊಸದಾಗಿ ಹಾಕಿದ್ರು ಭಾವ. ಮೇಲೆ ಬರೋಕೆ ದಾರಿ ಇರ್ಲಿಲ್ಲ. ಮಣ್ಣಿನೊಳಗೇ ಹರಿದು, ಮನೆಗೆ ನಲ್ಲಿ ಪೈಪು ಬರೋ ತೂತಿನಿಂದ ಒಳಗೆ ಬಂತು. ಅಷ್ಟು ದೂರ ಮಣ್ಣಲ್ಲಿ ಬಂದಿದ್ದಕ್ಕೆ ವಾಸನೆಯೆಲ್ಲ ಮಣ್ಣಿಗೇ ಬಿಟ್ಟು ಬಂತು.”

ಪೈಪುಗಳ ಅಪಾಯದ ಪಟ್ಟಿ ನಮ್ಮ ಕಚೇರಿಯಲ್ಲಿತ್ತು. ನೀರಿನದು ನೀರಿನವರ ಕಚೇರಿಯಲ್ಲಿ, ಲಾರಿಗಳದ್ದು ರಸ್ತೆಯವರ ಕಚೇರಿಯಲ್ಲಿ. ಮೂರರಲ್ಲೂ ಆ ಬೀದಿಗೆ ಹಳದಿ ಬಣ್ಣ ಬಳಿದಿತ್ತು. ಹಳದಿಯೆಂದರೆ ಸದ್ಯಕ್ಕೆ ಅವಸರವಿಲ್ಲ. ಮೂರು ಹಳದಿಗಳು ಒಂದರ ಮೇಲೊಂದು ಬಿದ್ದರೆ ಏನಾಗುತ್ತದೆಂದು ನೋಡಲು ಮೂರು ಪಟ್ಟಿಗಳೂ ಯಾವತ್ತೂ ಒಂದೇ ಮೇಜಿನ ಮೇಲೆ ಬಂದಿರಲಿಲ್ಲ. ಇದನ್ನೂ ಹೇಳಿದೆ. ಅಷ್ಟು ಮಾತನ್ನು ಒಟ್ಟಿಗೆ ನಾನು ಆಡಿದ್ದು ಅದೇ ಮೊದಲಿರಬೇಕು.

ಕೊನೆಯ ವೃತ್ತ ಖಾಲಿಯಿತ್ತು. ಭಾವ ಡಬ್ಬಿಯಿಂದ ತಾವೇ ಒಂದು ಬಿಳಿ ಗುಂಡಿ ಆರಿಸಿ ಅಲ್ಲಿಟ್ಟರು.

“ಇದು ನನ್ನ ಕಿಟಕಿ. ಈಗ ಹೇಳು.”

ಇಲ್ಲ ಅನ್ನಬಹುದಿತ್ತು. ಆಮೇಲೆ ಅವರು ನನ್ನನ್ನೂ ನಂಬುತ್ತಿರಲಿಲ್ಲ.

“ತೆರೆದಿದ್ರೆ ಗ್ಯಾಸು ಅಷ್ಟು ತುಂಬ್ತಿರ್ಲಿಲ್ಲ,” ಅಂದೆ. “ಅಕ್ಕ ಉಳೀತಿದ್ಲು ಅನ್ಸತ್ತೆ.”

ಅವರು ಬಿಳಿ ಗುಂಡಿಯನ್ನು ಎತ್ತಿದರು. ನಾನು ಮೇಲಿನ ಚೌಕದಲ್ಲಿದ್ದ ಕೆಂಪು ಗುಂಡಿಯನ್ನು ಎತ್ತಿದೆ. ಎರಡನ್ನೂ ಮತ್ತೆ ಅಲ್ಲಲ್ಲೇ ಇಟ್ಟು, ನೀರಿನ ಗುಂಡಿ ಎತ್ತಿದೆ. ಜೊತೆಗೆ ಕೆಂಪನ್ನೂ ಎತ್ತಬೇಕಾಯಿತು. ಲಾರಿ ಎತ್ತಿದೆ, ಮತ್ತೆ ಹಾಗೇ. ಕಾಂಕ್ರೀಟಿಗೂ ಹಾಗೇ. ನಲ್ಲಿಯ ತೂತನ್ನು ಒಂದು ಹಿಡಿ ಗಾರೆಯಿಂದ ಮುಚ್ಚಿದ್ದರೂ ಸಾಕಿತ್ತು.

“ಇಷ್ಟು ದಿನ ನಾನು ಇದೊಂದೇ ಅಂದ್ಕೊಂಡಿದ್ದೆ,” ಅಂದರು ಭಾವ, ಬಿಳಿ ಗುಂಡಿಯ ಮೇಲೆ ಬೆರಳಿಟ್ಟು.

“ಇದೊಂದೇ ಅಲ್ಲ ಭಾವ.”

“ಅಲ್ಲ.” ಒಂದೊಂದೇ ಗುಂಡಿಯನ್ನು ಮುಟ್ಟುತ್ತ ಅಂದರು, “ಇಷ್ಟರಲ್ಲಿ ಒಂದು... ಯಾವ್ದಾದ್ರೂ ಒಂದು ಇಲ್ದಿದ್ರೂ ಸಾಕಾಗ್ತಿತ್ತಲ್ಲೇ.”

ಕಾರಣಗಳು ಹಲವು ಎಂದು ತಿಳಿದರೆ ಅವರ ಭಾರ ಹಂಚಿಹೋಗಬಹುದು ಎಂದುಕೊಂಡಿದ್ದೆ. ಹಂಚಿಹೋಗಲಿಲ್ಲ. ಆ ಹಾಳೆಯ ಒಂದೊಂದು ವೃತ್ತವೂ ಅಕ್ಕ ಬದುಕಿ ಹೊರಗೆ ಬರಬಹುದಾಗಿದ್ದ ಒಂದೊಂದು ಬಾಗಿಲಾಗಿ ಕಾಣಿಸಿತು, ನನಗೂ. ಭಾವ ಮೇಜಿನ ಮೇಲೆ ತಲೆಯಿಟ್ಟು ಅತ್ತರು. ಶವ ಮನೆಗೆ ತಂದ ದಿನವೂ ಅವರು ಅತ್ತಿರಲಿಲ್ಲ. ಅಮ್ಮ ಬಂದು ಅವರ ಬೆನ್ನ ಮೇಲೆ ಕೈಯಿಟ್ಟಳು. ನಾನು ಗುಂಡಿಗಳನ್ನು ನೋಡುತ್ತ ಕೂತೆ.

ಒಳಗಿನ ಕೋಣೆಯಲ್ಲಿ ಪುಟ್ಟಿ ಕೆಮ್ಮಲು ಶುರುಮಾಡಿದಳು. ಆ ಕೆಮ್ಮು ನಿಲ್ಲಲೇ ಇಲ್ಲ. ಭಾವ ತಲೆಯೆತ್ತಿ ಆಲಿಸಿದರು. ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡು ಹಿತ್ತಿಲಿಗೆ ಹೋಗಿ, ಒರಗಿಸಿಟ್ಟಿದ್ದ ಬಾಗಿಲುಗಳಲ್ಲಿ ಅವಳ ಕೋಣೆಯ ಜೋಡಿಯನ್ನು ಹೊತ್ತು ತಂದರು. ಗರಗಸ ತೆಗೆದರು.

“ಅಯ್ಯೋ, ಚೆನ್ನಾಗಿರೋದನ್ನ ಯಾಕೆ ಕೊಯ್ತೀರಿ?” ಅಂದಳು ಅಮ್ಮ.

“ಮೇಲೊಂದು ಬೆರಳಷ್ಟು ಸಂದಿ ಇರ್ಲಿ ಅತ್ತೆ.”

“ಚಳಿ ಬರಲ್ವಾ?”

“ಮಗು ಮೇಲೆ ಬೀಸಲ್ಲ. ಮೇಲಿಂದ ಮೇಲೇ ಹೋಗತ್ತೆ.”

ಕೂದಲೆಳೆ ನುಸುಳಬಾರದೆಂದು ಕೆಲಸ ಮಾಡಿದ ಕೈ, ಬಾಗಿಲಿನ ಮೇಲಂಚನ್ನು ಕೊಯ್ದು, ಉಜ್ಜಿ, ನಯ ಮಾಡಿತು. ಸಂಜೆಯೊಳಗೆ ಬಾಗಿಲುಗಳು ಕೂತವು. ಪುಟ್ಟಿ ಕಂಬಳಿಯಿಂದ ಕತ್ತು ಹೊರಗೆ ಹಾಕಿ, “ಅಪ್ಪಾ, ಅಳತೆ ತಪ್ಪಿದೆ,” ಅಂದಳು.

“ಹೌದು ಕಂದ, ತಪ್ಪಿದೆ.”

ಗುಂಡಿಗಳನ್ನು ಡಬ್ಬಿಗೆ ಹಾಕುವಾಗ ಬಿಳಿಯದು ಇರಲಿಲ್ಲ. ಅದು ಭಾವನ ಜೇಬಿನಲ್ಲಿತ್ತು. ನಾನು ಡಬ್ಬಿ ಮುಚ್ಚಿದೆ.

ಪುಟ್ಟಿಯ ಎದೆ ಈಗ ತಿಳಿಯಾಗುತ್ತಿದೆ. ಭಾವ ದಿನಾ ಕಿಟಕಿ ಮುಚ್ಚುತ್ತಾರೆ. ಮುಚ್ಚಿದ ಮೇಲೆ ಸ್ಟೂಲು ಹತ್ತಿ ಆ ಸಂದಿಯಲ್ಲಿ ಬೆರಳು ತೂರಿಸಿ, ಹೊರಗಿನ ತಣ್ಣನೆಯ ಗಾಳಿ ಬೆರಳ ತುದಿಗೆ ತಾಗುವವರೆಗೂ ಹಾಗೇ ನಿಂತಿರುತ್ತಾರೆ.