ಗುಡ್ನಿಯ ರಕ್ತನಾಳ

ಮಾಗ್ನಿಲ್ ಸಮಾಧಿಯ ಗುಂಡಿಯ ಪಕ್ಕ ಇಟ್ಟಿದ್ದ ಹೂಚಕ್ರದ ರಿಬ್ಬನ್ನನ್ನು ಮಗುಚಿ ಹಾಕಿದಳು. ಸಮುದ್ರದ ಗಾಳಿ ಅದನ್ನು ಮತ್ತೆ ಎತ್ತಿ ಅಕ್ಷರಗಳನ್ನು ತೋರಿಸಿತು: ‘ಕೃತಜ್ಞತೆಗಳೊಂದಿಗೆ, ರಕ್ತನಾಳ ಸಂಶೋಧನಾ ವಿಭಾಗ’. ಈ ಸಲ ಅದನ್ನು ಬೂಟಿನ ತುದಿಯಿಂದ ಹಸಿಮಣ್ಣಿಗೆ ಒತ್ತಿದಳು. ತಂಗಿ ಗುಡ್ನಿಯ ಪೆಟ್ಟಿಗೆ ಆಗಲೇ ಗುಂಡಿಗೆ ಇಳಿದಾಗಿತ್ತು.

“ಬಿಡು ಮಾಗ್ನಿಲ್, ಜನ ನೋಡ್ತಿದಾರೆ,” ಎಂದ ಗುಡ್ನಿಯ ಗಂಡ ಒಡ್ವಾರ್. “ಪಾಪ, ಡಾಕ್ಟ್ರು ಅಷ್ಟು ದೂರದಿಂದ ಬಂದಿದಾರೆ.”

“ಸತ್ತೋಳ ಮೇಲೂ ತಮ್ಮ ಬೋರ್ಡು ಹಾಕ್ಕೊಂಡಿದಾರಲ್ಲೋ. ಥೂ.”

ಚರ್ಚಿನ ಪಕ್ಕದ ಸಭಾಮನೆಯಲ್ಲಿ ಕಾಫಿ ಕುದಿಯುತ್ತಿತ್ತು. ಬ್ರೆಡ್ಡಿನ ಮೇಲೆ ಸಿಗಡಿ ಹರಡಿದ ತಟ್ಟೆಗಳು ಮೇಜಿನ ತುಂಬ ಇದ್ದವು. ನೆರೆಮನೆಯ ಮುದುಕಿ ಯೋರ್ಡಿಸ್ ಅಳುತ್ತಲೇ ನಗುತ್ತಿದ್ದಳು.

“ನನ್ನ ಮೊಮ್ಮಗನ ಒಂದು ಕೈಗವಸು ಬಿದ್ದೋಯ್ತು ಅಂತ ಸ್ಕೂಲ್ ಬಸ್ಸನ್ನೇ ತಿರುಗಿಸ್ಕೊಂಡು ಹೋಗಿದ್ಲು ಮಾರಾಯ್ತಿ!”

“ಓಡಿಸೋವಾಗ ಹಾಡ್ತಿದ್ಲಲ್ಲ,” ಎಂದ ಯಾರೋ. “ಮಕ್ಕಳಿಗೆ ಕಷ್ಟ ಆಗ್ತಿದ್ದದ್ದು ಅದೇ.”

ಹೋದ ವಾರ, ಕಡಲ ಖಾರಿಯ ಅಂಚಿನ ತಿರುವಿನಲ್ಲಿ, ಗುಡ್ನಿಯ ಮೆದುಳಿನ ನಾಳ ಒಡೆದಿತ್ತು. ಅವಳು ಬಸ್ಸನ್ನು ಪಕ್ಕಕ್ಕೆ ತಂದು, ಹ್ಯಾಂಡ್‌ಬ್ರೇಕ್ ಎಳೆದು, ಎಚ್ಚರಿಕೆಯ ದೀಪ ಹಾಕಿ, ಆಮೇಲೆ ಸ್ಟೀರಿಂಗಿನ ಮೇಲೆ ಕುಸಿದಿದ್ದಳು. ಒಂದು ಮಗುವಿಗೂ ತರಚು ಗಾಯವಾಗಲಿಲ್ಲ.

ಚಮಚದಿಂದ ಲೋಟ ತಟ್ಟಿದ ಸದ್ದು ಕೇಳಿತು. ಹೂಚಕ್ರ ತಂದಿದ್ದ ಡಾಕ್ಟರ್ ಬ್ರೆಕ್ಕೆ ಬಾಯಲ್ಲಿದ್ದದ್ದನ್ನು ನುಂಗುತ್ತ ಎದ್ದು ನಿಂತ.

*

ಗುಡ್ನಿಯ ಹೊಟ್ಟೆಯಲ್ಲಿ ಮಗಳು ಟೂವಾ ಇದ್ದಾಗ ಅವಳನ್ನು ಪಟ್ಟಣದ ಆಸ್ಪತ್ರೆಗೆ ಕರೆದುಕೊಂಡು ಹೋದವಳು ಮಾಗ್ನಿಲ್. ಬಸುರಿಯರ ರಕ್ತನಾಳಗಳ ಮೇಲೆ ಏನೋ ಸಂಶೋಧನೆ ನಡೆದಿತ್ತು. ತೋಳಿಗೆ ಪಟ್ಟಿ ಕಟ್ಟಿ ರಕ್ತ ನಿಲ್ಲುವಷ್ಟು ಬಿಗಿದರು. ಗುಡ್ನಿಯ ಬೆರಳುಗಳು ನೀಲಿಗಟ್ಟಿದವು. ಪಟ್ಟಿ ಸಡಿಲಿಸಿದ ಮೇಲೆ ನಾಳ ಎಷ್ಟು ಅರಳುತ್ತದೆಂದು ಯುವಕ ಬ್ರೆಕ್ಕೆ ಪರದೆಯಲ್ಲಿ ನೋಡಿದ.

“ಹೇಗಿದೆ ಡಾಕ್ಟ್ರೇ ನನ್ನ ಪೈಪು?” ಎಂದಿದ್ದಳು ಗುಡ್ನಿ.

“ಒಳ್ಳೇ ಸಹಕಾರ ಕೊಟ್ರಿ,” ಎಂದು ಅವನು ನಕ್ಕಿದ್ದ.

ಅಕ್ಕತಂಗಿಯರು ಹಿಂದಿರುಗುವಾಗ ದೋಣಿಯಲ್ಲಿ ಜಾಮ್ ಸುರಿದ ವಾಫಲ್ ತಿಂದರು. ಕೆಲವು ವಾರಗಳ ಮೇಲೆ ಗುಡ್ನಿಯ ಮುಖ ಊದಿತು, ತಲೆ ಸಿಡಿಯತೊಡಗಿತು, ಕಣ್ಣ ಮುಂದೆ ಕಿಡಿಗಳು ಹಾರಿದವು. ಸುಸ್ತು, ಮಲಗಿ ಎಂದಳು ಸೂಲಗಿತ್ತಿ. ಮಾರನೆಯ ದಿನ ಅಡುಗೆಮನೆಯಲ್ಲಿ ಗುಡ್ನಿ ನಾಲಿಗೆ ಕಚ್ಚಿಕೊಂಡು ಸೆಟೆದು ಬಿದ್ದಳು. ಹೊಟ್ಟೆ ಕುಯ್ದು ತೆಗೆದ ಟೂವಾ ಒಂದು ಬ್ರೆಡ್ಡಿಗಿಂತ ದೊಡ್ಡದಿರಲಿಲ್ಲ.

*

“ಅವತ್ತು ಗುಡ್ನಿಯವರ ನಾಳ ಅರಳಲೇ ಇಲ್ಲ,” ಎನ್ನುತ್ತಿದ್ದ ಬ್ರೆಕ್ಕೆ. “ಅಷ್ಟು ಸ್ಪಷ್ಟವಾದ ಚಿತ್ರ ನಮಗೆ ಮತ್ತೆ ಸಿಗಲಿಲ್ಲ. ಇವತ್ತಿಗೂ ವಿದ್ಯಾರ್ಥಿಗಳಿಗೆ ಅದನ್ನೇ ತೋರಿಸ್ತೀನಿ.”

ಒಡ್ವಾರ್ ಎದ್ದು ಹೋಗಿ ಅವನ ಕೈ ಕುಲುಕಿದ. “ತುಂಬ ಉಪಕಾರ ಆಯ್ತು.”

ಮಾಗ್ನಿಲ್ ತನ್ನ ತಟ್ಟೆಯನ್ನು ದೂರ ತಳ್ಳಿದಳು. “ಅವತ್ತೇ ನೋಡಿದ್ರಾ ನೀವು?”

“ನೋಡಿದ್ವಿ. ಅದರ ಅರ್ಥ ಆಗ ಯಾರಿಗೂ ಖಚಿತ ಇರ್ಲಿಲ್ಲ. ಭಾಗವಹಿಸೋರಿಗೆ ಹೇಳಬಾರ್ದು ಅಂತ ನಿಯಮ ಬೇರೆ.”

“ಫಿಟ್ಸ್ ಬಂದ ಮೇಲೆ ಅರ್ಥ ಆಯ್ತಲ್ಲ? ಇಂಥೋರಿಗೆ ಮುಂದೆ ಮೆದುಳಿಗೆ ಹೊಡೀಬಹುದು ಅಂತ ಇಷ್ಟು ವರ್ಷದಲ್ಲಿ ಒಂದು ಮಾತು ಹೇಳಬಹುದಿತ್ತಲ್ಲ?”

“ಅದು ನಮ್ಮ ವಿಭಾಗದ ಕೆಲಸ ಅಲ್ಲ ಅಂದ್ಕೊಂಡಿದ್ವಿ.”

“ಪಾಠ ಮಾಡೋಕೆ ಅವಳ ನಾಳ ಬೇಕಿತ್ತು. ಅವಳು ಬೇಕಿರ್ಲಿಲ್ಲ. ಏಳಿ, ನಡೀರಿ ಆಚೆ.”

“ಅವ್ರು ಹೋಗಕೂಡದು, ದೊಡ್ಡಮ್ಮ.” ಟೂವಾಳ ದನಿ. ಅವಳು ಕಿಟಕಿಯ ಬಳಿ ಕಪ್ಪು ಕೋಟನ್ನು ಬಿಚ್ಚದೆ ಕೂತಿದ್ದಳು. “ನಂಗೀಗ ಮೂರು ತಿಂಗಳು. ಅಮ್ಮಂಗೆ ಭಾನುವಾರ ಹೇಳೋಣ ಅಂತಿದ್ದೆ.”

ಬ್ರೆಕ್ಕೆಯ ಕಣ್ಣು ಹೊಳೆದದ್ದನ್ನು ಮಾಗ್ನಿಲ್ ನೋಡಿದಳು.

“ತಾಯಿ, ಮಗಳು ಇಬ್ಬರೂ! ಹಾಗಾದ್ರೆ ನಮ್ಮ ಹೊಸ ಅಧ್ಯಯನಕ್ಕೆ...”

“ಅಧ್ಯಯನ ಬೇಡ,” ಎಂದಳು ಟೂವಾ. “ನಂಗೇನಾಗತ್ತೆ, ಅದನ್ನ ಹೇಳಿ.”

ಬ್ರೆಕ್ಕೆ ಕೆಂಪಾದ. ಅವಳ ಎದುರು ಕುರ್ಚಿ ಎಳೆದುಕೊಂಡು ಕೂತ. “ಬಸುರಿನಲ್ಲಿ ಬಿ.ಪಿ. ಏರೋ ಈ ಕಾಯಿಲೆ ತಾಯಿಗೆ ಬಂದಿದ್ರೆ ಮಗಳಿಗೂ ಬರೋ ಸಾಧ್ಯತೆ ಹೆಚ್ಚು. ಗರ್ಭಕೋಶಕ್ಕೆ ಹೋಗೋ ನಾಳದ ಸ್ಕ್ಯಾನ್, ಒಂದು ರಕ್ತಪರೀಕ್ಷೆ, ಬಿ.ಪಿ. ಮೂರೂ ಸೇರಿಸಿ ನೋಡಿದ್ರೆ ಮೊದಲೇ ಅಂದಾಜು ಸಿಗತ್ತೆ. ಅಪಾಯ ಕಂಡ್ರೆ ದಿನಾ ಒಂದು ಸಣ್ಣ ಆಸ್ಪಿರಿನ್ ಮಾತ್ರೆ. ಈಗ್ಲೇ ಶುರು ಮಾಡಿದ್ರೆ ಎಷ್ಟೋ ಜನಕ್ಕೆ ತಪ್ಪತ್ತೆ. ತಡ ಆದ್ರೆ ಅಷ್ಟು ಪ್ರಯೋಜನ ಇಲ್ಲ.”

“ಸೂಲಗಿತ್ತಿ ನಂಗೆ ಹೇಳಲೇ ಇಲ್ವಲ್ಲ.”

“ನಾಳೆ ನಾನೇ ಫೋನ್ ಮಾಡ್ತೀನಿ.”

“ನಾಳೆ ಯಾಕೆ?” ಎಂದಳು ಮಾಗ್ನಿಲ್. ಕುರ್ಚಿಯೊಂದನ್ನು ತಂದು ಇಬ್ಬರ ನಡುವೆ ತುರುಕಿ ಕೂತಳು. ಬ್ರೆಕ್ಕೆಯ ತುಟಿಯ ಮೂಲೆಯಲ್ಲಿ ಮಯೊನೀಸ್ ಅಂಟಿತ್ತು. ಅವಳು ಕಾಗದದ ಕರವಸ್ತ್ರವನ್ನು ಬೆರಳ ತುದಿಯಲ್ಲಿ ಹಿಡಿದು ಚಾಚಿದಳು.

“ಮೊದ್ಲು ಬಾಯಿ ಒರಸ್ಕೊಳ್ಳಿ. ಆಮೇಲೆ ಫೋನ್ ಮಾಡಿ. ಅದಾದ್ಮೇಲೆ ಎಲ್ಲಾ ಇನ್ನೊಂದ್ಸಲ ಹೇಳಿ, ನಿಧಾನಕ್ಕೆ.”

ಅವನು ಹೇಳಿದ. ಬಾಯಿ ತೆರೆದಾಗಲೆಲ್ಲ ಸಿಗಡಿಯ ವಾಸನೆ ಅವಳ ಮುಖಕ್ಕೆ ಬಡಿಯಿತು. ಮಾಗ್ನಿಲ್ ಟೂವಾಳ ಊದಿಲ್ಲದ ಬೆರಳುಗಳನ್ನು ಒಂದೊಂದಾಗಿ ಒತ್ತಿ ನೋಡುತ್ತ, ಮುಖ ತಿರುಗಿಸದೆ, ಅವನ ಕಡೆಗೆ ಇನ್ನಷ್ಟು ಬಾಗಿದಳು.